ಲೇಖನಿಯ ಅಳುಕು

ಮಹಾಪುರುಷರ ಚರಿತ್ರೆಗಳನ್ನು ಓದುವಾಗಲೆಲ್ಲ ನನ್ನನ್ನು ಒಂದು ಸಂದೇಹ ಕಾಡುವುದುಂಟು. ಯುದ್ಧ, ರಾಜ್ಯ, ಸಿಂಹಾಸನಗಳ ನಡುವೆ ಬಾಳಿದವರ ನಿರ್ಣಯಗಳಿಂದ ನಮ್ಮಂಥ ಸಾಮಾನ್ಯರು ಕಲಿಯುವುದೇನು? ನಮ್ಮ ಪಾಲಿಗೆ ಬರುವುದು ಒಂದು ರುಜು, ಒಂದು ಖರೀದಿ, ಒಬ್ಬರ ಮುಲಾಜು, ಅಷ್ಟೇ. ಈ ಸಂದೇಹಕ್ಕೆ ನನಗೆ ಸಮಾಧಾನ ದೊರೆತದ್ದು ಜಾನ್ ವೂಲ್ಮನ್ ಎಂಬ ದರ್ಜಿಯ ಬಾಳಿನಲ್ಲಿ.

ವೂಲ್ಮನ್ ಹುಟ್ಟಿದ್ದು 1720ರಲ್ಲಿ, ಆಗ ಇಂಗ್ಲಿಷರ ವಸಾಹತಾಗಿದ್ದ ಅಮೆರಿಕದ ನ್ಯೂಜೆರ್ಸಿಯ ಒಂದು ಒಕ್ಕಲುಮನೆಯಲ್ಲಿ. ಮನೆತನ ಕ್ವೇಕರ್ ಪಂಥದ್ದು. ಮೌನವಾಗಿ ಕೂಡಿ ಕುಳಿತು, ಅಂತರಂಗದಲ್ಲಿ ಕ್ರಿಸ್ತನ ಬೆಳಕು ತೋರಿದ ದಾರಿಯಲ್ಲಿ ನಡೆಯಬೇಕೆನ್ನುವ ಜನ ಅವರು.

ಇಪ್ಪತ್ತು ದಾಟಿದ ತರುಣ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ದಿನ ಧಣಿ ತನ್ನ ಗುಲಾಮ ಹೆಂಗಸನ್ನು ಮಾರಿ, ಕ್ರಯಪತ್ರ ಬರೆಯುವಂತೆ ಅಪ್ಪಣೆ ಮಾಡಿದ. ಕೊಳ್ಳುವವನು ಎದುರಿಗೇ ಕಾದಿದ್ದಾನೆ. ಅವನೂ ಅದೇ ಪಂಥದ ವೃದ್ಧ. ವರ್ಷದ ಸಂಬಳಕ್ಕೆ ನಿಂತವನಿಗೆ ಆಲೋಚಿಸಲು ವ್ಯವಧಾನವೆಲ್ಲಿ? ವೂಲ್ಮನ್ ಬರೆದುಕೊಟ್ಟ. ಆದರೆ ಮನಸ್ಸು ಕುಗ್ಗಿತು. ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದದ ಆಚಾರವೆಂದು ಇಬ್ಬರೆದುರಿಗೂ ಹೇಳಿದ. ಹೇಳಿದರೇನು, ಹೆಂಗಸು ಮಾರಿಹೋಗಿದ್ದಳು. ಅಂದೇ ಬಿಡಿಸಿಕೊಂಡಿದ್ದರೆ ಮೇಲಾಗುತ್ತಿತ್ತೆಂಬ ಕೊರಗು ಅವನಲ್ಲಿ ಉಳಿಯಿತು. ಮುಂದೆ ಇನ್ನೊಬ್ಬನು ಅಂಥದೇ ಪತ್ರ ಬೇಡಿದಾಗ ಒಲ್ಲೆನೆಂದ.

ಮತ್ತೊಮ್ಮೆ, ಪೆಟ್ಟು ತಿಂದು ಮಲಗಿದ್ದ ನೆರೆಯವನೊಬ್ಬ ತನ್ನ ಉಯಿಲನ್ನು ಬರೆಸಲೆಳಸಿದ. ಆಸ್ತಿಯ ಜೊತೆಗೆ ಒಬ್ಬ ಗುಲಾಮ ಹುಡುಗಿಯೂ ಮಕ್ಕಳ ಪಾಲಿಗೆ ಹೋಗಬೇಕು. ನೋವಿನಲ್ಲಿರುವವನನ್ನು ಬರಿಗೈಯಲ್ಲಿ ಬಿಡುವುದೂ ಧರ್ಮವಲ್ಲ. ಆ ಹುಡುಗಿಯನ್ನು ವಸ್ತುವೆಂದು ಬರೆಯುವುದೂ ಧರ್ಮವಲ್ಲ. ವೂಲ್ಮನ್ ಆ ಒಂದು ಭಾಗವನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಓದಿಹೇಳಿ, ಉಳಿದುದು ತನ್ನಿಂದಾಗದೆಂದೂ, ಬರೆದುದಕ್ಕೆ ಕೂಲಿ ಬೇಡವೆಂದೂ ಸ್ನೇಹದಿಂದ ತಿಳಿಸಿದ. ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಕೊನೆಗೆ ರೋಗಿ ಅವಳನ್ನು ಬಿಡುಗಡೆ ಮಾಡಲು ಒಪ್ಪಿದ; ಉಯಿಲು ಪೂರ್ಣವಾಯಿತು. ಅವನ ವಿವೇಕದ ರೀತಿಯೆಲ್ಲ ಇಲ್ಲಿದೆಯೆಂದು ನನಗೆ ತೋರುತ್ತದೆ: ತಡೆದು ನಿಲ್ಲುವುದು, ಎದುರಿನವನನ್ನು ಹಳಿಯದಿರುವುದು, ನಷ್ಟವನ್ನು ತಾನೇ ಹೊರುವುದು.

ಸ್ವಂತ ವ್ಯಾಪಾರ ಬೆಳೆಯತೊಡಗಿದಾಗ, ಅದು ಮನಸ್ಸನ್ನು ನುಂಗುವುದೆಂದು ಕಂಡು, 1756ರ ಸುಮಾರಿಗೆ ಅಂಗಡಿಯನ್ನು ಕೈಬಿಟ್ಟು ಸೂಜಿದಾರವನ್ನೂ ಸೇಬಿನ ತೋಟವನ್ನೂ ನಂಬಿದ. 1757ರಲ್ಲಿ ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ, ಗುಲಾಮರ ದುಡಿಮೆಯಿಂದ ನಡೆಯುವ ಮನೆಗಳ ಆತಿಥ್ಯವನ್ನು ಬಿಟ್ಟಿಯಾಗಿ ಉಣ್ಣಲಾರದೆ, ಬೆಳ್ಳಿಯ ಚಿಲ್ಲರೆ ನಾಣ್ಯಗಳನ್ನು ಕೊಟ್ಟು ಹೊರಡುತ್ತಿದ್ದ. ಬಣ್ಣ ಹಾಕಿದ ಬಟ್ಟೆಯನ್ನೂ ತ್ಯಜಿಸಿದ. ವಿನೋದವೆಂದರೆ, ಅವನು ಬಣ್ಣವಿಲ್ಲದ ಟೋಪಿ ತೊಟ್ಟ ಕಾಲಕ್ಕೆ ಸರಿಯಾಗಿ ಬಿಳಿ ಟೋಪಿಯೇ ಷೋಕಿಯಾಗಿತ್ತು! ಬಂಧುಗಳು ಹಿಂಜರಿದರು, ಅವನು ಸಹಿಸಿದ. ಇಷ್ಟು ಸೂಕ್ಷ್ಮ ಅತಿಯಾಯಿತೆಂದು ನನಗೂ ಒಮ್ಮೊಮ್ಮೆ ಅನ್ನಿಸಿದೆ. ಆದರೆ ಇದು ಪ್ರದರ್ಶನವೋ ಪ್ರೇರಣೆಯೋ ಎಂದು ಅವನೇ ತನ್ನನ್ನು ಕಠಿಣವಾಗಿ ಪರೀಕ್ಷಿಸಿಕೊಂಡಿದ್ದ.

1772ರಲ್ಲಿ ಇಂಗ್ಲೆಂಡಿಗೆ ಹೋದವನು, ಸಾರೋಟಿನ ಹುಡುಗರೂ ಕುದುರೆಗಳೂ ಪಡುವ ಹಿಂಸೆಗೆ ಪಾಲುಗಾರನಾಗಲೊಲ್ಲದೆ, ನಡೆದೇ ಊರೂರು ಸುತ್ತಿದ. ಯಾರ್ಕ್ ನಗರದಲ್ಲಿ ಸಿಡುಬು ತಗುಲಿ ಅಕ್ಟೋಬರ್ 7ರಂದು ತೀರಿಕೊಂಡ. ಅವನ ದಿನಚರಿ ಅಚ್ಚಾದದ್ದು 1774ರಲ್ಲಿ. ಅವನು ಜೀವಮಾನವೆಲ್ಲ ಮೆಲುದನಿಯಲ್ಲಿ ಬೇಡಿದ್ದನ್ನು ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆ 1776ರಲ್ಲಿ ನಿಯಮ ಮಾಡಿತು: ಗುಲಾಮರನ್ನು ಬಿಡದವರಿಗೆ ಪಂಥದಲ್ಲಿ ಸ್ಥಾನವಿಲ್ಲ.

ಹಿಂದೊಮ್ಮೆ, ಉಪಾಧ್ಯಾಯನಾಗಿದ್ದಾಗ, ಹಿರಿಯರೊಬ್ಬರ ದಾಕ್ಷಿಣ್ಯಕ್ಕೆ ಸಿಕ್ಕಿ ನಿಜವಲ್ಲದ ಒಂದು ಪ್ರಮಾಣಪತ್ರಕ್ಕೆ ನಾನು ರುಜು ಹಾಕಿದೆ. ಯಾರೂ ಕೇಳಲಿಲ್ಲ, ನಾನೂ ಮರೆತಿದ್ದೆ. ವೂಲ್ಮನ್ನನ ಮೊದಲ ಕ್ರಯಪತ್ರದ ಪ್ರಸಂಗವನ್ನು ಓದಿದ ರಾತ್ರಿ ಅದು ನೆನಪಾಯಿತು. ಅವನೂ ಮೊದಲು ಬರೆದೇಬಿಟ್ಟವನು ಎಂಬುದರಲ್ಲಿ ನನಗೊಂದು ಸಮಾಧಾನವಿದೆ. ಎರಡನೆಯ ಸಲ ಬರೆಯಲಿಲ್ಲ ಎಂಬುದರಲ್ಲಿ ಒಂದು ಎಚ್ಚರಿಕೆಯೂ ಇದೆ.