ಆಚಾರ್ಯ ಶೇಷಾದ್ರಿಯವರು

ದೊಡ್ಡಉಳ್ಳಾರ್ತಿಯ ಸುತ್ತಿನ ಬಯಲುಸೀಮೆಯಲ್ಲಿ ತಂಗಡಿಯ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದುದು ವಾಚಕರಿಗೆ ತಿಳಿದ ಸಂಗತಿ. ಆ ತೊಗಟೆಗೂ ವೈದ್ಯರ ಅಳಲೆ, ನೆಲ್ಲಿಗಳಿಗೂ ಒಗರನ್ನಿತ್ತ ದ್ರವ್ಯವರ್ಗಕ್ಕೆ ಪಾಲಿಫಿನಾಲೆಂದು ಹೆಸರು. ಈ ವರ್ಗದ ಶೋಧನೆಯಲ್ಲಿ ಆಯುಸ್ಸನ್ನು ಸವೆಸಿದವರು ತಿರುವೆಂಕಟ ರಾಜೇಂದ್ರ ಶೇಷಾದ್ರಿಯವರು.

ನಮ್ಮ ಕಾವೇರಿಯೇ ಹರಿದುಹೋಗುವ ಕುಳಿತ್ತಲೈ ಎಂಬಲ್ಲಿ 1900ರಲ್ಲಿ ಜನಿಸಿದ ಇವರು ಮದರಾಸಿನಲ್ಲಿ ಓದಿ, ಮ್ಯಾಂಚೆಸ್ಟರಿನಲ್ಲಿ ರಾಬರ್ಟ್ ರಾಬಿನ್‌ಸನ್ನರ ಶಿಷ್ಯರಾಗಿ 1929ರಲ್ಲಿ ಡಾಕ್ಟರ್ ಪದವಿ ಪಡೆದರು. ಸೀಮೆಯ ವಿದ್ಯೆ ಕಲಿತು ಬಂದವರು ಪರೀಕ್ಷೆಗೆ ಆರಿಸಿಕೊಂಡುದು ನಮ್ಮ ಹೊಲದ ಹತ್ತಿಯ ಹೂವನ್ನು! ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ, ಅದೇ ವರ್ಗಕ್ಕೆ ಸೇರಿದ ಅದರ ಹಳದಿಯ ವರ್ಣದ್ರವ್ಯಗಳನ್ನು ಬೇರ್ಪಡಿಸಿ ರಚನೆಯನ್ನು ನಿರ್ಣಯಿಸಿದರು. ಯುದ್ಧದ ದೆಸೆಯಿಂದ 1942ರಲ್ಲಿ ವಿದ್ಯಾನಿಲಯವೇ ಗುಂಟೂರಿಗೆ ತೆರಳಬೇಕಾಯಿತು. 1949ರಿಂದ ದಿಲ್ಲಿಯಲ್ಲಿದ್ದು ಹೊನ್ನೆ, ರಕ್ತಚಂದನಗಳ ಚೇಗನ್ನು ಶೋಧಿಸಿದರು. 1960ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1963ರಲ್ಲಿ ಪದ್ಮಭೂಷಣವೂ ಸಂದವು.

ಗಾಳಿ ತಾಗಿದ ಕಡಲೆಕಾಯಿ ಎಣ್ಣೆ ಕಮಟಾಗುವುದನ್ನು ಚಳ್ಳಕೆರೆಯ ವರ್ತಕರು ಬಲ್ಲರು. ಇಂತಹ ಉತ್ಕರ್ಷಣವನ್ನು ತಡೆಯುವ ಶಕ್ತಿ ಪಾಲಿಫಿನಾಲುಗಳಿಗುಂಟು. ಗಾಜಿನ ನಳಿಗೆಯಲ್ಲಿ ಇದು ದಿಟ. ಜಠರವನ್ನು ಹೊಕ್ಕಮೇಲೆ ರಕ್ತಕ್ಕೆ ಸೇರುವುದು ಬಹುಮಟ್ಟಿಗೆ ಅಲ್ಪಾಂಶವೇ. ಈಗಿನ ಔಷಧದ ಸೀಸೆಗಳು ಮೊದಲನೆಯ ಮಾತನ್ನು ಮಾತ್ರ ಸಾರುತ್ತವೆ. ಯಾವ ಗಿಡದಲ್ಲಿ ಯಾವ ದ್ರವ್ಯವಿದೆ, ಅದರ ರಚನೆಯೇನು ಎಂಬ ನಿರ್ಣಯಗಳನ್ನು ಬಿಟ್ಟು ಶೇಷಾದ್ರಿಯವರು 1975ರ ಸೆಪ್ಟೆಂಬರ್ 27ರಂದು ದಿವಂಗತರಾದರು. ಆ ಗಿಡದಿಂದ ರೋಗ ವಾಸಿಯಾಗುವುದೇ ಎಂಬ ಪರೀಕ್ಷೆ ಮುಂದಿನವರ ಪಾಲಿನದು.