ಗಡಿನಾಡಿನ ವೈದ್ಯರಾದ ಪೆನ್ನೆಲ್ ಅವರ ಚರಿತ್ರೆ

ತನ್ನ ದೇಶದಲ್ಲಿ ವೈದ್ಯನು ದೊರೆಯದ ರೋಗಿಯು ಪರದೇಶದ ಗಡಿಯನ್ನು ದಾಟಿ ಹೋಗಿ ಗುಣಹೊಂದಬೇಕಾದರೆ ಅವನ ಮುಂದೆ ಎಷ್ಟೋ ಅಡ್ಡಿಗಳು ನಿಲ್ಲುತ್ತವೆ. ದಾರಿಯು ದೂರ, ಕೈಯಲ್ಲಿ ಹಣವಿಲ್ಲ, ಅಲ್ಲಿಯವರ ಭಾಷೆಯು ತಿಳಿಯದು, ಅನ್ಯನಾದ ತನ್ನನ್ನು ಅವರು ಹೇಗೆ ನಡಿಸುವರೋ ಎಂಬ ಅಂಜಿಕೆ ಬೇರೆ. ಇಂಥ ರೋಗಿಗಳಿಗಾಗಿಯೇ ಎಂಬಂತೆ ಇಪ್ಪತ್ತು ವರುಷಗಳ ಪರಿಯಂತರ ಆಫಘಾನಿಸ್ತಾನದ ಗಡಿಯ ಬಳಿ ವಾಸಿಸಿ ಅಲ್ಲಿಯೇ ಪ್ರಾಣಬಿಟ್ಟ ಥಿಯೋಡೋರ್ ಲೇಟನ್ ಪೆನ್ನೆಲ್ ಎಂಬ ವೈದ್ಯರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಇವರು 1867ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳಕೊಂಡದ್ದರಿಂದ ತಾಯಿಯ ಪೋಷಣೆಯಲ್ಲಿಯೇ ಬೆಳೆದರು. ಲಂಡನ್ ಪಟ್ಟಣದಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1890 ಮತ್ತು 1891ನೇ ವರುಷಗಳಲ್ಲಿ ಉನ್ನತ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ಅಲ್ಲಿಯೇ ನಿಂತಿದ್ದರೆ ಹೆಸರೂ ಹಣವೂ ಸುಲಭವಾಗಿ ದೊರೆಯುತ್ತಿದ್ದವು. ಆದರೆ ಅವರು ಚರ್ಚ್ ಮಿಶನರಿ ಸೊಸೈಟಿಯ ಮೂಲಕವಾಗಿ ಹಿಂದುಸ್ಥಾನಕ್ಕೆ ಹೋಗಲು ಒಪ್ಪಿಕೊಂಡು, ಮಿಶನಿನಿಂದ ಸಂಬಳವನ್ನು ತೆಗೆದುಕೊಳ್ಳದೆ ಸ್ವಂತ ಖರ್ಚಿನಿಂದಲೇ ಕೆಲಸಮಾಡಲು ನಿಶ್ಚಯಿಸಿದರು. 1892ರಲ್ಲಿ ಅವರು ಹೊರಟಾಗ ತಾಯಿಯೂ ಮಗನನ್ನು ಬಿಟ್ಟಿರಲಾರದೆ ಸಂಗಡ ಬಂದರು. ಮುದಿಪ್ರಾಯದ ಕಡೆಗೆ ಸಾಗುತ್ತಿದ್ದ ಒಬ್ಬ ಹೆಂಗಸು ಅಂಥ ಬಿಸಿಲಿನ ದೇಶಕ್ಕೆ, ಬಂದೂಕದ ಸದ್ದು ಕೇಳದ ದಿನವಿಲ್ಲದ ಸೀಮೆಗೆ ಬಂದು ನೆಲಸಿದ್ದು ಸಾಮಾನ್ಯವಾದ ಸಂಗತಿಯಲ್ಲ.

ಮೊದಲು ಡೇರಾ ಇಸ್ಮಾಯಿಲ್ ಖಾನ್ ಎಂಬ ಊರಲ್ಲಿ ಸ್ವಲ್ಪ ಕಾಲವಿದ್ದು, 1893ರಲ್ಲಿ ಬನ್ನು ಎಂಬ ಪಟ್ಟಣಕ್ಕೆ ಬಂದರು. ಈ ಪಟ್ಟಣವು ಕುರ್ರಮ್ ನದಿಯ ಬಳಿಯಲ್ಲಿದೆ. ಆಗ ಅದು ಪಂಜಾಬ್ ಪ್ರಾಂತಕ್ಕೂ 1901ರಿಂದ ವಾಯವ್ಯ ಗಡಿ ಪ್ರಾಂತಕ್ಕೂ ಸೇರಿತ್ತು, ಈಗ ಪಾಕಿಸ್ತಾನದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಒಂದರ ಹಿಂದೊಂದು ಬೋಳು ಬೆಟ್ಟಗಳು. ಅವುಗಳ ನಡುವೆ ಕುರ್ರಮ್ ಮತ್ತು ತೋಚಿ ನದಿಗಳ ಕಣಿವೆಗಳೇ ಖೋಸ್ತ್, ಘಜ್ನಿ ಮೊದಲಾದ ಆಫಘಾನ್ ಸೀಮೆಗಳಿಗೆ ಬಾಗಿಲುಗಳು. ಪೆನ್ನೆಲ್ ಅವರು ಬನ್ನುವಿಗೆ ಬಂದ ಆ 1893ನೇ ವರುಷದ ನವೆಂಬರ್ ತಿಂಗಳಲ್ಲಿಯೇ ಕಾಬೂಲಿನ ಅಮೀರನಾದ ಅಬ್ದುರ್ ರಹಮಾನನೂ ಸರ್ ಮಾರ್ಟಿಮರ್ ಡ್ಯೂರಂಡ್ ಎಂಬ ದೊರೆಯೂ ಕೂಡಿ ಎರಡು ರಾಜ್ಯಗಳಿಗೆ ಗಡಿಯನ್ನು ಗೊತ್ತುಮಾಡಿದರು. ಕಾಗದದ ಮೇಲೆ ಎಳೆದ ಆ ಗೆರೆಯು ಒಂದೇ ಭಾಷೆಯನ್ನಾಡುವ, ಒಂದೇ ಕುಲಕ್ಕೆ ಸೇರಿದ ಜನರನ್ನು ಇಬ್ಭಾಗ ಮಾಡಿತು. ರೋಗವು ಮಾತ್ರ ಗೆರೆಯ ಎರಡು ಕಡೆಗಳಲ್ಲಿಯೂ ಒಂದೇ ಆಗಿತ್ತು.

ಆಚೆಯ ಕಡೆಯಲ್ಲಿ ಔಷಧೋಪಚಾರದ ಸ್ಥಿತಿ ಹೇಗಿತ್ತೆಂದು ತಿಳಿದ ಹೊರತು ಆ ಜನರು ಅಷ್ಟು ಕಷ್ಟಪಟ್ಟು ಬನ್ನುವಿಗೆ ಏಕೆ ಬರುತ್ತಿದ್ದರೆಂಬುದು ಅರ್ಥವಾಗದು. ಅಮೀರನ ಅರಮನೆಯಲ್ಲಿ ಇಂಗ್ಲಿಷ್ ವೈದ್ಯರು ಕೆಲಸಕ್ಕಿದ್ದದ್ದುಂಟು. ಗ್ರೇ ಎಂಬವರೂ ಅವರ ತರುವಾಯ ಲಿಲಿಯಸ್ ಹ್ಯಾಮಿಲ್ಟನ್ ಎಂಬ ವೈದ್ಯಳೂ ಅಲ್ಲಿದ್ದರು. ಆದರೆ ಹಳ್ಳಿಯ ಬಡವನಿಗೆ ಅರಮನೆಯ ವೈದ್ಯರಿಂದೇನು? ಅವನಿಗೆ ದೊರೆಯುತ್ತಿದ್ದದ್ದು ಮುಖ್ಯವಾಗಿ ಎರಡು ಬಗೆಯ ಚಿಕಿತ್ಸೆ. ಬಟ್ಟೆಯ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ, ನೋವಿರುವ ಸ್ಥಳದ ಮೇಲಿಟ್ಟು, ಬೆಂಕಿಹಚ್ಚಿ ಮಾಂಸವು ಸುಡುವ ತನಕ ಬಿಡುವದು ಒಂದು. ಆಗತಾನೇ ಕೊಯ್ದ ಕುರಿಯ ಇಲ್ಲವೆ ಆಡಿನ ಹಸಿ ಚರ್ಮವನ್ನು ಮಾಂಸದ ಮಗ್ಗುಲು ಒಳಗಾಗುವಂತೆ ರೋಗಿಯ ಮೈಗೆ ಸುತ್ತಿ ಬೆವರಿಸುವದು ಇನ್ನೊಂದು. ಈ ಎರಡನೆಯದರಿಂದ ಕೆಲವು ಜ್ವರಗಳಲ್ಲಿ ಉಪಯೋಗವಾದದ್ದನ್ನು ಪೆನ್ನೆಲ್ ಅವರು ಕಂಡು, ಅದನ್ನು ಮರೆಮಾಡದೆ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಪರರ ಪದ್ಧತಿಯನ್ನು ಕಂಡಮಾತ್ರಕ್ಕೆ ಹಳಿಯದ ಈ ಗುಣವು ಮೆಚ್ಚತಕ್ಕದ್ದು. ಆದರೆ ಕಣ್ಣಿನ ಪೊರೆಗಾಗಲಿ, ಗುಂಡೇಟಿನಿಂದ ಮುರಿದ ಎಲುಬಿಗಾಗಲಿ ಕುರಿಯ ಚರ್ಮದಿಂದ ಏನಾದೀತು?

ಬನ್ನುವಿನಲ್ಲಿ ಆಸ್ಪತ್ರೆಯು ಮೊದಲು ಬಹಳ ಚಿಕ್ಕದಾಗಿತ್ತು. ತಾಯಿಮಗಂದಿರು ತಮ್ಮ ಹಣವನ್ನೂ ಹಾಕಿ ಅದನ್ನು ಬೆಳಿಸುತ್ತಾ ಬಂದರು. ನಮ್ಮ ಪಟ್ಟಣಗಳ ಆಸ್ಪತ್ರೆಯಂತೆ ಅಲ್ಲಿ ರೋಗಿಯನ್ನು ಒಳಗೆ ಸೇರಿಸಿಕೊಂಡು ಬಂಧುಗಳನ್ನು ಹೊರಗೆ ಕಳುಹಿಸುವ ಕಟ್ಟಳೆಯು ನಡೆಯಲಾರದು. ಹತ್ತಾರು ದಿನಗಳ ದಾರಿಯನ್ನು ನಡೆದು ಬಂದವನ ಹೆಂಡತಿ ಮಕ್ಕಳು, ಅಣ್ಣತಮ್ಮಂದಿರು ಎಲ್ಲಿಗೆ ಹೋಗಬೇಕು? ಅವರೂ ಅಲ್ಲಿಯೇ ಇಳಿದುಕೊಂಡು ಅಡಿಗೆಮಾಡಿ ರೋಗಿಯನ್ನು ನೋಡಿಕೊಳ್ಳುತ್ತಿದ್ದರು. ಹುರಿಹಗ್ಗದ ಮಂಚಗಳೇ ಹಾಸಿಗೆ. ಬಡತನದ ನಿಮಿತ್ತವಾಗಿ ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತಿರಲಿಲ್ಲ. ರೋಗಿಯು ಗಡಿಯ ಈಚೆಯವನೋ ಆಚೆಯವನೋ ಎಂದು ನೋಡಿ ಔಷಧದಲ್ಲಿ ಭೇದಮಾಡುವದು ಅಲ್ಲಿ ಇರಲಿಲ್ಲ.

ಚಳಿಗಾಲವೇ ಅಲ್ಲಿ ಹೆಚ್ಚಿನ ಸಂದಣಿಯ ಕಾಲ. ಆಗ ಪೋವಿಂದಾ ಎಂಬ ವರ್ತಕ ಕುಲದವರು ಒಂಟೆಗಳ ಮೇಲೆ ಸರಕನ್ನು ಹೇರಿಕೊಂಡು, ಹೆಂಗಸರು ಮಕ್ಕಳ ಸಹಿತವಾಗಿ ಘಜ್ನಿಯ ಕಡೆಯ ಎತ್ತರ ನಾಡಿನಿಂದ ಕಣಿವೆಗಳ ಮಾರ್ಗವಾಗಿ ಸಿಂಧೂನದಿಯ ಬಯಲಿಗೆ ಇಳಿದು, ವಸಂತಕಾಲದಲ್ಲಿ ಹಿಂದಿರುಗುವರು. ದಾರಿಯಲ್ಲಿ ಕೊಳ್ಳೆಗಾರರ ಕೂಡ ಕಾದಾಡುತ್ತಾ ಬರಬೇಕು. ಇಂಥ ಗುಂಪುಗಳ ಜೊತೆಯಲ್ಲಿ ಕುರುಡರೂ ಕುಂಟರೂ ಹುಣ್ಣಿನವರೂ ಒಂಟೆಯ ಮೇಲೆ ಬರುವರು. ಬೇರೆ ಕೆಲವರನ್ನು ಮಂಚದ ಮೇಲೆ ಮಲಗಿಸಿ ಬಂಧುಗಳು ಹೊತ್ತು ತರುವರು. ಒಂದು ಗುಂಪಿನಲ್ಲಿ ಒಬ್ಬನು ಕಣ್ಣುಪಡೆದು ಹೋದರೆ ಮುಂದಿನ ವರುಷ ಅವನ ಊರಿನ ಕುರುಡರೆಲ್ಲರೂ ದಾರಿ ಕೇಳುತ್ತಾ ಬರುವರು. ಪೆನ್ನೆಲ್ ಅವರ ಕೀರ್ತಿಯು ಆಫಘಾನ್ ದೇಶದೊಳಕ್ಕೆ ಹೋದದ್ದು ಹೀಗೆಯೇ.

ಬಂದವರಲ್ಲಿ ಕಣ್ಣಿನ ರೋಗಿಗಳು ಬಹಳ. ಅದರ ತರುವಾಯ ಕತ್ತಿಯ ಮತ್ತು ಗುಂಡಿನ ಗಾಯಗಳು. ಪಠಾಣರಲ್ಲಿ ಸೇಡು ತೀರಿಸಿಕೊಳ್ಳುವದು ಮಾನದ ಕೆಲಸವೆಂದು ಎಣಿಸಲ್ಪಟ್ಟಿತ್ತು. ವೈರಿಗಳಿಂದ ಕಣ್ಣುಗಳು ಕೆಡಿಸಲ್ಪಟ್ಟ ಒಬ್ಬನು ಆಸ್ಪತ್ರೆಗೆ ಬಂದು, ತನ್ನ ಶತ್ರುವನ್ನು ಗುಂಡಿಕ್ಕಿ ಕೊಲ್ಲುವಷ್ಟು ಹೊತ್ತು ಮಾತ್ರ ತನಗೆ ದೃಷ್ಟಿಯನ್ನು ಕೊಡಬೇಕೆಂದೂ ಆಮೇಲೆ ಸಾಯುವ ತನಕ ಕುರುಡನಾಗಿದ್ದರೂ ಚಿಂತೆಯಿಲ್ಲವೆಂದೂ ಬೇಡಿಕೊಂಡನಂತೆ. ಇಂಥವನನ್ನು ಗುಣಪಡಿಸಬೇಕೋ ಬಾರದೋ ಎಂದು ನಮಗೆ ತೋಚಬಹುದು. ಪೆನ್ನೆಲ್ ಅವರು ಆ ಲೆಕ್ಕವನ್ನು ಹಾಕಿದವರಲ್ಲ. ಗಾಯಗೊಂಡವನನ್ನೂ ಗಾಯಮಾಡಿದವನ ಕುಲದವನನ್ನೂ ಒಂದೇ ಆಸ್ಪತ್ರೆಯಲ್ಲಿ ಮಲಗಿಸಿಕೊಂಡು ಇಬ್ಬರಿಗೂ ಶುಶ್ರೂಷೆ ಮಾಡಿದರು.

ಹೆಂಗಸರ ಅವಸ್ಥೆಯು ಇನ್ನೂ ಕನಿಕರವಾದದ್ದು. ಹೆಂಡತಿಯ ಮೇಲೆ ಸಂಶಯ ಹುಟ್ಟಿದರೆ ಗಂಡನು ಅವಳ ಮೂಗನ್ನು ಕೊಯ್ಯುವದು ಆ ಸೀಮೆಯಲ್ಲಿ ಅಪರೂಪವಾಗಿರಲಿಲ್ಲ. ಹೀಗೆ ಮೂಗು ಕೊಯ್ದ ಒಬ್ಬ ಮನುಷ್ಯನು ಕೋಪವಿಳಿದ ಮೇಲೆ ಪಶ್ಚಾತ್ತಾಪಪಟ್ಟು ಹೆಂಡತಿಯನ್ನು ಆಸ್ಪತ್ರೆಗೆ ಕರಕೊಂಡು ಬಂದನು. ಇಂಗ್ಲೆಂಡಿನಿಂದ ಕೃತ್ರಿಮ ಮೂಗನ್ನು ತರಿಸಬಹುದೆಂದೂ ಅದಕ್ಕೆ ಸುಮಾರು 30 ರೂಪಾಯಿ ಬೀಳುವದೆಂದೂ ವೈದ್ಯರು ತಿಳಿಸಲಾಗಿ, ಅವನು ಬಹಳ ಹೊತ್ತು ಸುಮ್ಮನೆ ಯೋಚಿಸಿದನು. ಏನು ಯೋಚನೆಯೆಂದು ಕೇಳಿದಾಗ, 80 ರೂಪಾಯಿ ಕೊಟ್ಟರೆ ಹೊಸ ಹೆಂಡತಿಯೇ ದೊರೆಯುವಾಗ ಹಳೆಯವಳ ಮೂಗಿಗೆ 30 ರೂಪಾಯಿ ಖರ್ಚುಮಾಡುವದು ಲಾಭವೋ ಎಂದು ಲೆಕ್ಕಹಾಕುತ್ತಿರುವೆನೆಂದು, ಅವಳು ಕೇಳುತ್ತಿರುವಾಗಲೇ ಹೇಳಿಬಿಟ್ಟನು. ಆ ಕಾಲದಲ್ಲಿ 30 ರೂಪಾಯಿಯು ಕೂಲಿಯವನ ಕೆಲವು ತಿಂಗಳ ಸಂಪಾದನೆ ಎಂಬುದು ನಿಜ. ಕೊನೆಗೆ ಅವನು ಹಣವನ್ನು ಕೊಟ್ಟು ಮೂಗನ್ನು ತರಿಸಿಕೊಂಡನು. ಓದಿ ನಗುವವರು ನಮ್ಮ ಹಳ್ಳಿಗಳಲ್ಲಿ ಎತ್ತಿಗೆ ಔಷಧ ತರಲು ಓಡುವವನೇ ಬಾಣಂತಿಗೆ ವೈದ್ಯರನ್ನು ಕರೆಯಲು ಎರಡು ದಿನ ತಡಮಾಡುವದನ್ನೂ ಸ್ವಲ್ಪ ನೆನಸಿಕೊಳ್ಳಲಿ.

ಪೆನ್ನೆಲ್ ಅವರು ಉರ್ದು ಮತ್ತು ಪುಶ್ತು ಭಾಷೆಗಳನ್ನು ಚೆನ್ನಾಗಿ ಕಲಿತರು. ಪಠಾಣರ ಹಾಗೆ ಸಡಿಲವಾದ ಇಜಾರವನ್ನೂ ರುಮಾಲನ್ನೂ ತೊಟ್ಟು, ಅವರ ಸಂಗಡ ನೆಲದ ಮೇಲೆ ಕೂತು ಅವರ ರೊಟ್ಟಿಯನ್ನೇ ತಿಂದರು. ಆಸ್ಪತ್ರೆಗೆ ಬರಲಾರದವರಿಗಾಗಿ ಔಷಧದ ಪೆಟ್ಟಿಗೆಗಳನ್ನು ಹೇರಿಸಿಕೊಂಡು ಹಳ್ಳಿಹಳ್ಳಿಗೂ ಹೋಗುವರು. ಊರ ಚಾವಡಿಯಲ್ಲಿ ಪೆಟ್ಟಿಗೆ ತೆರೆದರೆ ಸಾಯಂಕಾಲದ ತನಕ ಜನವೇ ಜನ. ಸರಕಾರದ ಅಧಿಕಾರಿಗಳು ಕಾವಲಿಲ್ಲದೆ ಹೋಗಲು ಅಂಜುತ್ತಿದ್ದ ಸ್ಥಳಗಳಿಗೆ ಇವರು ಆಯುಧವಿಲ್ಲದೆ ಹೋದರು. ಮನೆಗೆ ಬಂದ ಅತಿಥಿಯನ್ನು ಪ್ರಾಣಕೊಟ್ಟಾದರೂ ಕಾಪಾಡಬೇಕೆಂಬುದು ಪಠಾಣರ ಧರ್ಮವೆಂದು ಅರಿತು ಅದನ್ನೇ ನೆಚ್ಚಿದರು. ಆ ಗಡಿಯಲ್ಲಿ ಪೆನ್ನೆಲ್ ಒಬ್ಬರು ಎರಡು ದಂಡುಗಳಿಗೆ ಸಮಾನರೆಂದು ಸೇನಾಧಿಕಾರಿಗಳು ಹೇಳುವದಿತ್ತು. ಈ ಹೊಗಳಿಕೆಯು ನನಗೆ ಅಷ್ಟು ಹಿಡಿಸುವದಿಲ್ಲ. ದಂಡಿನ ಕೆಲಸವು ಒಂದು, ಇವರದು ಬೇರೊಂದು.

ವಿರೋಧವಿಲ್ಲದೆ ಇದೆಲ್ಲಾ ನಡೆಯಿತೆಂದು ತಿಳಿಯಬಾರದು. ಫಿರಂಗಿಯ ಔಷಧವನ್ನು ಕುಡಿಯುವದಕ್ಕಿಂತ ಸಾಯುವದು ಮೇಲೆಂದು ಬೋಧಿಸಿದ ಮುಲ್ಲಾಗಳು ಇದ್ದರು. ಪೇಟೆಯಲ್ಲಿ ಪ್ರಸಂಗಿಸುವಾಗ ಕಲ್ಲುಗಳೂ ಬಿದ್ದವು. ಕಾಲಕ್ರಮದಲ್ಲಿ ಮುಲ್ಲಾಗಳೇ ಕೆಲವರು ರೋಗಿಗಳಾಗಿ ಬಂದರು. ಅವರಿಗೆ ಹಿಂದಿನದನ್ನು ಎತ್ತಿ ಆಡದೆ ಚಿಕಿತ್ಸೆ ಮಾಡಲಾಯಿತು. ಸಾವಿರಾರು ಜನರು ಗುಣಹೊಂದಿ ಹೋದರೂ ಅವರಲ್ಲಿ ಕ್ರೈಸ್ತರಾದವರು ಅತಿ ಸ್ವಲ್ಪ ಮಂದಿ. ಔಷಧವನ್ನು ಮತದ ಬೆಲೆಗೆ ಮಾರುವದು ಅಲ್ಲಿ ಇರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಅವರು ಹುಡುಗರಿಗಾಗಿ ಶಾಲೆಯನ್ನೂ ನಡಿಸಿದರು. 1906ರಲ್ಲಿ ಆ ಶಾಲೆಯ ಹುಡುಗರನ್ನು ಕಾಲ್ಚೆಂಡಿನ ಪಂದ್ಯಗಳಿಗಾಗಿ ಕಲ್ಕತ್ತೆಯ ತನಕ ಕರಕೊಂಡು ಹೋದರು. ಅದಕ್ಕಿಂತ ಮುಂಚೆ ಒಂದು ಸಾರಿ ಕಾವಿಬಟ್ಟೆಯನ್ನು ತೊಟ್ಟು, ಹಣವಿಲ್ಲದೆ, ಒಬ್ಬ ಆಫಘಾನ್ ಶಿಷ್ಯನ ಸಂಗಡ ಸೈಕಲಿನ ಮೇಲೆ ಉತ್ತರ ಹಿಂದುಸ್ಥಾನವನ್ನು ಸಂಚರಿಸಿದ್ದರು. ಇವುಗಳನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ.

1908ರಲ್ಲಿ ತಾಯಿಯು ಬನ್ನುವಿನಲ್ಲಿ ತೀರಿಕೊಂಡರು. ಅದೇ ವರುಷ ಪೆನ್ನೆಲ್ ಅವರು ಆಲಿಸ್ ಸೊರಾಬ್ಜಿ ಎಂಬ ವೈದ್ಯಳನ್ನು ಮದುವೆಯಾದರು. ನಮ್ಮ ಓದುಗರಿಗೆ ಈ ಹೆಸರು ಪೂರಾ ಪರಕೀಯವಲ್ಲ. ಪಾರ್ಸಿ ಕುಲದಿಂದ ಕ್ರೈಸ್ತರಾದ ಸೊರಾಬ್ಜಿ ಖರ್ಸೇಟ್ಜಿಯವರ ಕುಟುಂಬವು ಕೆಲವು ವರುಷ ನಮ್ಮ ಬೆಳಗಾವಿಯಲ್ಲಿ ವಾಸಿಸಿತ್ತು. ನ್ಯಾಯಶಾಸ್ತ್ರದಲ್ಲಿ ಹೆಸರಾದ ಕಾರ್ನೇಲಿಯಾ ಸೊರಾಬ್ಜಿ ಆಲಿಸರ ಅಕ್ಕ. ಪರದೆಯೊಳಗಿನ ಹೆಂಗಸರು ಗಂಡಸು ವೈದ್ಯರಿಗೆ ಕೈನಾಡಿಯನ್ನೂ ತೋರಿಸದ ಆ ಸೀಮೆಯಲ್ಲಿ ಸ್ತ್ರೀವೈದ್ಯಳೊಬ್ಬಳು ಬಂದದ್ದರಿಂದ ಎಷ್ಟು ಉಪಕಾರವಾಯಿತೆಂದು ಹೇಳಬೇಕಾಗಿಲ್ಲ. ಹದಿನಾರು ವರುಷಗಳ ಮೇಲೆ ಮೊದಲನೆಯ ಸಾರಿ ಪೆನ್ನೆಲ್ ಅವರು ಇಂಗ್ಲೆಂಡಿಗೆ ಹೋದರು. ಗಡಿನಾಡಿನ ಜನರ ವಿಷಯವಾಗಿ ಅವರು ಬರೆದ ಪುಸ್ತಕವು 1909ರಲ್ಲಿ ಅಚ್ಚಾಯಿತು. ಸೇನಾಪತಿಗಳಾಗಿದ್ದ ಲಾರ್ಡ್ ರಾಬರ್ಟ್ಸ್ ಅದಕ್ಕೆ ಮುನ್ನುಡಿ ಬರೆದರು.

1912ರ ಮಾರ್ಚ್ ತಿಂಗಳಲ್ಲಿ ರಕ್ತವನ್ನು ವಿಷಮಾಡುವ ಅಂಟುರೋಗದ ಒಬ್ಬ ರೋಗಿಯು ಆಸ್ಪತ್ರೆಗೆ ಬಂದನು. ಬಾರ್ನೆಟ್ ಎಂಬ ಜೊತೆವೈದ್ಯರು ಅವನಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಆ ವಿಷವು ಅವರಿಗೆ ತಗಲಿತು. ಈ ಕಾಲದಲ್ಲಿ ಅಂಥ ಸೋಂಕಿಗೆ ಕೊಡುವ ಪೆನಿಸಿಲಿನ್ ಮೊದಲಾದ ಔಷಧಗಳು ಆಗ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ; ಕೊಯ್ದು ಕೀವು ತೆಗೆಯುವದೊಂದೇ ಉಪಾಯ. ಅಪಾಯವನ್ನು ಅರಿತೇ ಪೆನ್ನೆಲ್ ಅವರು ಗೆಳೆಯನಿಗೆ ಶಸ್ತ್ರವಿಟ್ಟರು, ಮತ್ತು ಅದೇ ವಿಷವು ಅವರ ಶರೀರವನ್ನೂ ಹೊಕ್ಕಿತು. ಬಾರ್ನೆಟರು ಮೊದಲು ತೀರಿಕೊಂಡರು. ಕೆಲವೇ ದಿವಸಗಳಲ್ಲಿ, ಮಾರ್ಚ್ 23ರಂದು, ಪೆನ್ನೆಲ್ ಅವರೂ ತೀರಿಕೊಂಡರು. ಆಗ ಅವರಿಗೆ 44 ವರುಷ. ಆ ಊರಿನ ಮುಸಲ್ಮಾನರೂ ಹಿಂದುಗಳೂ ಬೆಟ್ಟದ ಪಠಾಣರೂ ಗುಂಪುಗುಂಪಾಗಿ ಬಂದು ಅತ್ತರು.

ಆಲಿಸ್ ಅವರು ಗಂಡನ ಚರಿತ್ರೆಯನ್ನು ಬರೆದು 1914ರಲ್ಲಿ ಪ್ರಕಟಿಸಿದರು. ಅವರು 1951ರ ತನಕ ಬದುಕಿದ್ದರು. ಬನ್ನುವಿನ ಆಸ್ಪತ್ರೆಗೂ ಶಾಲೆಗೂ ಪೆನ್ನೆಲ್ ಅವರ ಹೆಸರನ್ನಿಟ್ಟರು. ಅವರ ಸಮಾಧಿಯು ಆ ಬೆಟ್ಟಗಳ ಈಚೆಯಲ್ಲಿ, ಬನ್ನುವಿನಲ್ಲಿಯೇ ಇದೆ.