ಏಡಾ ಲವ್‌ಲೇಸಳ ಜೀವಿತವೂ ನಮ್ಮ ಬಾಲಕಿಯರಿಗೆ ಅದರಿಂದಾಗುವ ಬೋಧೆಯೂ

ಗಣಕಯಂತ್ರದ ವಿದ್ಯೆಯು ಈಗ ಸಕಲ ಉದ್ಯೋಗಗಳಲ್ಲಿಯೂ ಪ್ರವೇಶಿಸಿರುವುದರಿಂದ ಅದನ್ನು ಕಲಿಯಬೇಕೆಂಬ ಆಸೆಯು ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಭಾತಂಬ್ರಾದಿಂದಲೂ ಸುತ್ತಣ ಹಳ್ಳಿಗಳಿಂದಲೂ ಬರುವ ಬಾಲಕಿಯರಲ್ಲಿ ಅನೇಕರು, ತಮ್ಮ ಮನೆಯಲ್ಲಿ ಯಂತ್ರವಿಲ್ಲವಾದುದರಿಂದ ಈ ವಿದ್ಯೆಯು ತಮಗೆ ದಕ್ಕತಕ್ಕದ್ದಲ್ಲವೆಂದು ಭಾವಿಸುತ್ತಾರೆ. ತಂದೆತಾಯಿಗಳಲ್ಲಿ ಕೆಲವರು ಇದು ಗಂಡುಮಕ್ಕಳ ವಿದ್ಯೆಯೆಂದೇ ತಿಳಿಯುತ್ತಾರೆ. ಈ ಎರಡು ಭ್ರಮೆಗಳಿಗೂ ಒಬ್ಬ ಸ್ತ್ರೀಯ ಜೀವಿತವೇ ಸಾಕಾದ ಉತ್ತರವಾಗಿದೆ. ಆಕೆಯು ತನ್ನ ಆಯುಷ್ಯದಲ್ಲಿ ಇಂಥ ಯಂತ್ರವೊಂದು ಪೂರ್ಣವಾದುದನ್ನು ಕಾಣಲೇ ಇಲ್ಲ. ಆದರೂ ಅದಕ್ಕೆ ಕೊಡತಕ್ಕ ಆಜ್ಞೆಗಳನ್ನು ಕಾಗದದ ಮೇಲೆ ಕ್ರಮವಾಗಿ ಬರೆದಿಟ್ಟಳು.

ಏಡಾ ಎಂಬ ಈಕೆಯು 1815ನೆಯ ಇಸವಿ ಡಿಸೆಂಬರ್ 10ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಬೈರನ್ ಎಂಬ ಪ್ರಸಿದ್ಧ ಕವಿ. ಮಗುವು ತಿಂಗಳ ಕೂಸಾಗಿದ್ದಾಗಲೇ ತಂದೆತಾಯಿಗಳು ಅಗಲಿದರು. 1816ರಲ್ಲಿ ಬೈರನನು ದೇಶವನ್ನೇ ಬಿಟ್ಟುಹೋಗಿ, 1824ರಲ್ಲಿ ಗ್ರೀಸಿನಲ್ಲಿ ತೀರಿಕೊಂಡನು. ಮಗಳು ತಂದೆಯ ಮುಖವನ್ನು ಅರಿಯದೆ ಬೆಳೆದಳು. ತಾಯಿಯು ಸ್ವತಃ ಗಣಿತವನ್ನು ಬಲ್ಲವಳು. ತಂದೆಯ ಚಂಚಲ ಸ್ವಭಾವವು ಮಗಳಿಗೆ ಬಾರದಿರಲೆಂದು ಎಳೆತನದಿಂದಲೇ ಆಕೆಗೆ ಗಣಿತದ ಪಾಠವನ್ನು ಹೇಳಿಸಿದಳು.

ಹನ್ನೆರಡರ ಪ್ರಾಯದಲ್ಲಿ ಏಡಾಳು ಹಕ್ಕಿಗಳ ರೆಕ್ಕೆಗಳನ್ನು ಪರೀಕ್ಷಿಸಿ, ಮನುಷ್ಯನು ಹಾರತಕ್ಕ ಯಂತ್ರವನ್ನು ಹೇಗೆ ಕಟ್ಟಬಹುದೆಂದು ಯೋಚಿಸಿದಳು. ಆದರೆ 1829ರಲ್ಲಿ ದಡಾರವು ತಗಲಿ, ಅದರ ತರುವಾಯ ಕಾಲುಗಳು ಸ್ವಾಧೀನ ತಪ್ಪಿದವು. ಬಹುಕಾಲ ಹಾಸಿಗೆ ಹಿಡಿದಿದ್ದು, ಆಮೇಲೆ ಊರುಗೋಲಿನ ಸಹಾಯದಿಂದ ನಡೆಯತೊಡಗಿದಳು. ಆ ದಿವಸಗಳಲ್ಲಿಯೂ ಪಾಠವು ನಿಲ್ಲಲಿಲ್ಲ.

ಆ ಕಾಲದಲ್ಲಿ ಇಂಗ್ಲೆಂಡಿನ ಯಾವ ವಿಶ್ವವಿದ್ಯಾಲಯವೂ ಸ್ತ್ರೀಯರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯವು ಆ ಬಾಗಿಲನ್ನು ತೆರೆದದ್ದು 1878ರಲ್ಲಿ. ಆದುದರಿಂದ ಏಡಾಳು ಗುರುಗಳನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಹೆಚ್ಚಾಗಿ ಸ್ವಂತ ಪ್ರಯತ್ನದಿಂದಲೇ ಗಣಿತಶಾಸ್ತ್ರದಲ್ಲಿ ಪಂಡಿತೆಯಾಗಿದ್ದ ಮೇರಿ ಸಮರ್‌ವಿಲ್ ಎಂಬಾಕೆಯು ಇವಳಿಗೆ ಸ್ನೇಹಿತೆಯೂ ಮಾರ್ಗದರ್ಶಿಯೂ ಆದಳು. 1833ರಲ್ಲಿ, ಹದಿನೇಳರ ಪ್ರಾಯದಲ್ಲಿ, ಏಡಾಳಿಗೆ ಚಾರ್ಲ್ಸ್ ಬ್ಯಾಬೇಜ್ ಎಂಬ ಪಂಡಿತನ ಪರಿಚಯವಾಯಿತು. ಗಣಿತದ ಕೋಷ್ಟಕಗಳನ್ನು ತಾನೇ ಲೆಕ್ಕಹಾಕುವ ಯಂತ್ರದ ಒಂದು ಭಾಗವು ಅವನ ಮನೆಯಲ್ಲಿತ್ತು. ಇತರರು ಅದನ್ನು ಆಟದ ವಸ್ತುವಿನಂತೆ ನೋಡಿ ಹೋದರೆ, ಈ ಬಾಲೆಯು ಅದರ ಗಾಲಿಗಳ ಮರ್ಮವನ್ನು ತಿಳಿಯಲಪೇಕ್ಷಿಸಿದಳು.

1835ರಲ್ಲಿ ಆಕೆಗೆ ವಿವಾಹವಾಯಿತು. ಪತಿಯು 1838ರಲ್ಲಿ ಲವ್‌ಲೇಸಿನ ಅರ್ಲ್ ಎಂಬ ಪದವಿಗೆ ಏರಿದ್ದರಿಂದ ಈಕೆಯು ಲವ್‌ಲೇಸ್ ಎಂಬ ಹೆಸರನ್ನು ಪಡೆದಳು. ಮೂವರು ಮಕ್ಕಳ ತಾಯಿಯಾದ ಮೇಲೆ, 1840ರಲ್ಲಿ, ಆಕೆಯು ಉನ್ನತ ಗಣಿತವನ್ನು ಪುನಃ ಕ್ರಮವಾಗಿ ಕಲಿಯಲಾರಂಭಿಸಿದಳು. ಗುರುವು ಅಗಸ್ಟಸ್ ಡಿ ಮಾರ್ಗನ್. ಈತನು ಹುಟ್ಟಿದ್ದು ನಮ್ಮ ದೇಶದ ಮಧುರೆಯಲ್ಲಿ. ಪಾಠವು ಬಹುಮಟ್ಟಿಗೆ ಪತ್ರಮುಖೇನವೇ ನಡೆಯಿತು. ತಿಳಿಯದ್ದನ್ನು ತಿಳಿಯದೆಂದು ಬರೆದು ಕೇಳುವುದಕ್ಕೆ ಈ ಶ್ರೀಮಂತ ಸ್ತ್ರೀಯು ನಾಚಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಲು ಸಂಕೋಚಪಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈ ಮಧ್ಯೆ ಬ್ಯಾಬೇಜನು ಇನ್ನೂ ದೊಡ್ಡದಾದ ಬೇರೊಂದು ಯಂತ್ರವನ್ನು ಕಲ್ಪಿಸಿದ್ದನು. ಅದರಲ್ಲಿ ಸಂಖ್ಯೆಗಳನ್ನಿಡುವ ಉಗ್ರಾಣವೂ ಅವುಗಳನ್ನು ಕೂಡಿ ಕಳೆದು ಗುಣಿಸುವ ಗಿರಣಿಯೂ ಬೇರೆ ಬೇರೆಯಾಗಿದ್ದವು. ಫ್ರಾನ್ಸಿನಲ್ಲಿ ಜಕಾರ್ಡ್ ಎಂಬವನ ಮಗ್ಗವು ತೂತುಹಾಕಿದ ರಟ್ಟುಗಳ ಆಜ್ಞೆಯಂತೆ ರೇಷ್ಮೆಯಲ್ಲಿ ಚಿತ್ರಗಳನ್ನು ನೇಯುತ್ತಿತ್ತು. ಅಂಥ ರಟ್ಟುಗಳಿಂದಲೇ ಈ ಯಂತ್ರವನ್ನೂ ನಡೆಸಬೇಕೆಂಬುದು ಅವನ ಸಂಕಲ್ಪ. ಇಟಲಿಯ ಮೆನಬ್ರಿಯಾ ಎಂಬವನು 1842ರಲ್ಲಿ ಇದನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಏಡಾಳು ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿ, ಮೂಲಕ್ಕಿಂತಲೂ ದೊಡ್ಡವಾದ ಏಳು ಟಿಪ್ಪಣಿಗಳನ್ನು ಸೇರಿಸಿ 1843ರಲ್ಲಿ ಅಚ್ಚುಹಾಕಿಸಿದಳು. ಅವುಗಳಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಹಾಕಿದಳು.

ಕಡೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳೆಂಬ ಕಠಿನವಾದ ಸಂಖ್ಯೆಗಳನ್ನು ಯಂತ್ರವು ಕಂಡುಹಿಡಿಯುವ ಬಗೆಯನ್ನು 25 ಹೆಜ್ಜೆಗಳ ಒಂದು ಪಟ್ಟಿಯಲ್ಲಿ ತೋರಿಸಿದ್ದಾಳೆ. ಯಾವ ಹೆಜ್ಜೆಯಲ್ಲಿ ಯಾವ ಸಂಖ್ಯೆಯು ಎಲ್ಲಿರುವುದು, ಯಾವ ಹೆಜ್ಜೆಗಳನ್ನು ಮರಳಿ ಮರಳಿ ನಡೆಸಬೇಕು ಎಂಬುದೆಲ್ಲವೂ ಅದರಲ್ಲುಂಟು. ಬ್ಯಾಬೇಜನೂ ಇದಕ್ಕೆ ಮುಂಚೆ ಇಂಥ ಕೆಲವು ಕ್ರಮಗಳನ್ನು ಬರೆದಿದ್ದನು. ಆದರೆ ಇಷ್ಟು ವಿಸ್ತಾರವಾಗಿ ಅಚ್ಚಿನಲ್ಲಿ ಬಂದದ್ದು ಇದೇ ಮೊದಲಾದುದರಿಂದ ಅನೇಕರು ಏಡಾಳನ್ನು ಮೊದಲನೆಯ ಪ್ರೋಗ್ರಾಮರ್ ಎಂದು ಕರೆಯುತ್ತಾರೆ. ಅಚ್ಚಾದ ಆ ಪಟ್ಟಿಯ ನಾಲ್ಕನೆಯ ಹೆಜ್ಜೆಯಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿರುವುದೂ ನಿಜ. ಅಂಥ ಹೆಸರಾಂತ ಬರಹದಲ್ಲಿಯೇ ತಪ್ಪಿರಲಾಗಿ, ಹೊಸದಾಗಿ ಕಲಿಯುವವರು ತಪ್ಪಿಗೆ ಅಂಜಬೇಕಾದುದೇನು?

ಆಕೆಯು ಇನ್ನೆರಡು ವಿಷಯಗಳನ್ನು ಕಂಡುಕೊಂಡಿದ್ದಳು. ನಿಯಮಕ್ಕೆ ಒಳಪಡುವುದಾದರೆ ಸಂಗೀತದಂಥವುಗಳನ್ನೂ ಯಂತ್ರವು ನಡೆಸಬಲ್ಲದು ಎಂಬುದೊಂದು. ಯಂತ್ರವು ತಾನಾಗಿ ಏನನ್ನೂ ಹುಟ್ಟಿಸದೆ, ನಾವು ಆಜ್ಞಾಪಿಸಬಲ್ಲದ್ದನ್ನು ಮಾತ್ರ ಮಾಡುವುದೆಂಬುದು ಇನ್ನೊಂದು.

ಏಡಾಳ ಜೀವಿತವು ನಿರ್ದೋಷವಾದುದೆಂದು ನಾವು ಹೇಳುವುದಿಲ್ಲ. ಕಡೆಯ ವರುಷಗಳಲ್ಲಿ ಕುದುರೆಯ ಜೂಜಿನಲ್ಲಿ ಹಣ ಕಳೆದುಕೊಂಡು ಸಾಲಕ್ಕೆ ಸಿಕ್ಕಿದಳು. ಗರ್ಭಕೋಶದ ಕ್ಯಾನ್ಸರ್ ರೋಗದಿಂದ ಬಹಳ ನರಳಿ, 1852ನೆಯ ನವೆಂಬರ್ 27ರಂದು ಮೂವತ್ತಾರರ ಪ್ರಾಯದಲ್ಲಿ ತೀರಿಕೊಂಡಳು. ತಾನು ಎಂದೂ ಕಾಣದ ತಂದೆಯ ಪಕ್ಕದಲ್ಲಿಯೇ ಆಕೆಯನ್ನು ಹಕ್‌ನಲ್ ಎಂಬ ಊರಿನ ದೇವಾಲಯದಲ್ಲಿ ಸಮಾಧಿ ಮಾಡಿದರು. ಆ ದೊಡ್ಡ ಯಂತ್ರವು ಕಟ್ಟಲ್ಪಡಲೇ ಇಲ್ಲ. ಆದರೆ ಅಮೆರಿಕದ ರಕ್ಷಣಾ ಇಲಾಖೆಯವರು ಗಣಕಯಂತ್ರದ ಒಂದು ಭಾಷೆಗೆ ಏಡಾ ಎಂದೇ ಹೆಸರಿಟ್ಟು, 1980ರಲ್ಲಿ ಅದರ ನಿಯಮಗ್ರಂಥಕ್ಕೆ ಆಕೆಯು ಹುಟ್ಟಿದ ಇಸವಿಯಾದ 1815ನ್ನೇ ಸಂಖ್ಯೆಯಾಗಿ ಕೊಟ್ಟರು.

ಈಗ ನಮ್ಮ ಬಾಲಕಿಯರ ವಿಷಯಕ್ಕೆ ಬರೋಣ. ಏಡಾಳಿಗಿದ್ದ ಸಿರಿಸಂಪತ್ತು ನಿಮಗಿಲ್ಲ. ಆದರೆ ಆಕೆಯು ಈ ಕಾರ್ಯಕ್ಕೆ ಉಪಯೋಗಿಸಿದ ಕಾಗದವೂ ಲೇಖನಿಯೂ ನಿಮ್ಮಲ್ಲಿಯೂ ಉಂಟು. ಪ್ರೋಗ್ರಾಮ್ ಎಂಬುದು ಕ್ರಮ ತಪ್ಪದ ಆಜ್ಞೆಗಳ ಸಾಲಲ್ಲದೆ ಬೇರೇನೂ ಅಲ್ಲ. ಬೀದರಿನ ಬಿದರಿ ಕೆಲಸಗಾರರು ಮೊದಲು ಎರಕ ಹೊಯ್ದು, ನಯಮಾಡಿ, ಚಿತ್ತಾರ ಕೆತ್ತಿ, ಬೆಳ್ಳಿ ಕೂರಿಸಿ, ಕಡೆಗೆ ಕೋಟೆಯ ಮಣ್ಣಿನಿಂದ ಕಪ್ಪೇರಿಸುವರು. ಕೆತ್ತುವುದಕ್ಕೆ ಮೊದಲೇ ಬೆಳ್ಳಿಯನ್ನು ಕೂರಿಸಲಾದೀತೇ? ಹಾಗೆಯೇ ಇಲ್ಲಿಯೂ ಕ್ರಮವೇ ಪ್ರಧಾನ.

1ರಿಂದ 10ರವರೆಗಿನ ಸಂಖ್ಯೆಗಳನ್ನು ಕೂಡಬೇಕೆಂದಿಟ್ಟುಕೊಳ್ಳಿರಿ. ಎಣಿಕೆ, ಮೊತ್ತ ಎಂಬ ಎರಡು ಮನೆಗಳನ್ನು ಬರೆದು, ಎಣಿಕೆಯಲ್ಲಿ 1ನ್ನೂ ಮೊತ್ತದಲ್ಲಿ 0ಯನ್ನೂ ಇಡಿರಿ. ಮೊದಲನೆಯ ಆಜ್ಞೆ: ಎಣಿಕೆಯನ್ನು ಮೊತ್ತಕ್ಕೆ ಕೂಡು. ಎರಡನೆಯದು: ಎಣಿಕೆಯನ್ನು ಒಂದರಷ್ಟು ಹೆಚ್ಚಿಸು. ಮೂರನೆಯದು: ಎಣಿಕೆಯು 10ನ್ನು ಮೀರಿಲ್ಲವಾದರೆ ಮೊದಲನೆಯ ಆಜ್ಞೆಗೆ ಹಿಂದಿರುಗು, ಮೀರಿದರೆ ಮೊತ್ತವನ್ನು ಹೇಳು. ಯಂತ್ರವು ಮಾಡುವಂತೆ ಬೆರಳಿಟ್ಟು ಒಂದೊಂದೇ ಹೆಜ್ಜೆ ನಡೆಯಿರಿ. ಮೊತ್ತವು 1, 3, 6 ಎಂದು ಬೆಳೆದು 55ಕ್ಕೆ ನಿಲ್ಲುವುದು. ಎಣಿಕೆಯು 10ನ್ನು ಮುಟ್ಟಿದೊಡನೆಯೇ ನಿಲ್ಲಿಸೆಂದು ಬರೆದಿದ್ದರೆ 45 ಬರುವುದು. ಆಗ ತಪ್ಪು ಯಂತ್ರದ್ದಲ್ಲ, ಆಜ್ಞೆಯದು. ಅದನ್ನು ಹುಡುಕಿ ತಿದ್ದುವುದೇ ಈ ವಿದ್ಯೆಯ ಅರ್ಧ ಭಾಗ.

ಹೀಗೆ ಕಾಗದದ ಮೇಲೆ ಪಳಗಿದ ತರುವಾಯ, ಶಾಲೆಯಲ್ಲಾಗಲಿ ಬೇರೆಲ್ಲಿಯಾಗಲಿ ವಾರಕ್ಕೆ ಒಂದು ಗಂಟೆ ಯಂತ್ರವು ದೊರೆತರೂ ಆ ಗಂಟೆಯು ವ್ಯರ್ಥವಾಗದು. ಬೆಲೆಯಿಲ್ಲದೆ ದೊರೆಯುವ ಪೈಥಾನ್ ಮುಂತಾದ ಒಂದು ಭಾಷೆಯನ್ನು ಹಿಡಿದು, ಅದನ್ನು ಬೇಗನೆ ಬದಲಿಸದೆ, ಚಿಕ್ಕ ಚಿಕ್ಕ ಲೆಕ್ಕಗಳನ್ನು ಮಾಡುತ್ತ ಹೋಗಿರಿ, ತಿಳಿಯದ್ದನ್ನು ಕೇಳಿರಿ. ತಂದೆತಾಯಿಗಳಲ್ಲಿ ನಾವು ಬೇಡುವುದು ಇಷ್ಟೇ: ಹತ್ತನೆಯ ತರಗತಿಗೇ ಮಗಳ ಓದನ್ನು ನಿಲ್ಲಿಸಬೇಡಿರಿ. ಸ್ತ್ರೀಯರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಏಡಾಳು ಇಷ್ಟನ್ನು ಸಾಧಿಸಿದಳು. ನಮ್ಮ ಮಕ್ಕಳಿಗೆ ಆ ಬಾಗಿಲು ತೆರೆದಿದೆ. ಅಲ್ಲಿಯವರೆಗೆ ಅವರನ್ನು ಕಳುಹಿಸುವುದು ನಮ್ಮ ನಿಮ್ಮೆಲ್ಲರ ಧರ್ಮವಾಗಿದೆ.